18 ಇಂಚಿನ ನಕ್ಷೆ, ಕೊನೆಗೆ ಬಂದದ್ದು ಮಳೆ: ಹಿಮದ ಮುನ್ಸೂಚನೆಯನ್ನು ಎಷ್ಟು ನಂಬಬೇಕು?

ಎಡಿಸನ್‌ವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನೆಲೆಸಿದ್ದೇನೆ. ಈ ಚಳಿಗಾಲಕ್ಕೆ ತೀರ್ಥಹಳ್ಳಿಯಿಂದ ತಂದೆ, ತಾಯಿ ಇಬ್ಬರೂ ಬಂದಿದ್ದಾರೆ. ಆಗುಂಬೆಯ ಕಡೆಯ ಮಳೆಯಲ್ಲೇ ಬದುಕು ಕಳೆದವರಿಗೆ ಹಿಮ ಬೀಳುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ. ನನಗಂತೂ ಇದು ಬಹುಕಾಲದ ಹುಚ್ಚು. ನವೆಂಬರ್ ಬಂದರೆ ಸಾಕು, ಹವಾಮಾನ ಮಾಡೆಲ್‌ಗಳ (ಮುಂದಿನ ಹವೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆಗಳ) ನಕ್ಷೆಗಳನ್ನು ದಿನಕ್ಕೆ ನಾಲ್ಕು ಹೊತ್ತು ತೆರೆದು ನೋಡುವವರ ಪೈಕಿ ನಾನೂ ಒಬ್ಬ.

ಕಳೆದ ವಾರಾಂತ್ಯದ ಬಿರುಗಾಳಿಯ ವಿಷಯದಲ್ಲಿ ನಡೆದದ್ದನ್ನು ಕೇಳಿ. ಆರೇಳು ದಿನ ಮೊದಲು ಒಂದು ಮಾಡೆಲ್‌ನ ನಕ್ಷೆ ನಮ್ಮ ಊರಿನ ಮೇಲೆ 18 ಇಂಚು ಹಿಮ ತೋರಿಸಿತು. ಮರುದಿನ ಅದೇ ಮಾಡೆಲ್ 4 ಇಂಚಿಗೆ ಇಳಿಯಿತು, ಅದರ ಮರುದಿನ ಮತ್ತೆ 12ಕ್ಕೆ ಏರಿತು. ಯುರೋಪಿಯನ್ ಮಾಡೆಲ್‌ನ ಹೊಸ ಫಲಿತಾಂಶ ರಾತ್ರಿ ಒಂದು ಗಂಟೆಯ ಸುಮಾರಿಗೆ ಬರುತ್ತದೆಂದು ಎಚ್ಚರವಿದ್ದು ಕಾದೆ. ಕೊನೆಗೆ ನಸುಕಿನಲ್ಲಿ ಹುಲ್ಲಿನ ಮೇಲೆ ತೆಳುವಾಗಿ ಒಂದಿಷ್ಟು ಬಿಳುಪು ಕಂಡಿತು, ಆಮೇಲೆ ಸ್ಲೀಟ್ (ಮಂಜುಗಡ್ಡೆಯ ಸಣ್ಣ ಹರಳು) ಬಿತ್ತು, ಮಧ್ಯಾಹ್ನದಿಂದ ಸಂಜೆಯವರೆಗೆ ಬರೀ ಮಳೆ. "ಇದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ?" ಎಂದು ಅಪ್ಪ ನಕ್ಕುಬಿಟ್ಟರು. ಅದೇ ಹೊತ್ತಿಗೆ ಸಸೆಕ್ಸ್ ಕೌಂಟಿಯಲ್ಲಿರುವ ಸ್ನೇಹಿತರೊಬ್ಬರು ಮೊಣಕಾಲು ಮುಳುಗುವಷ್ಟು ಹಿಮದಲ್ಲಿ ಮಕ್ಕಳು ಆಡುತ್ತಿರುವ ಚಿತ್ರ ಕಳುಹಿಸಿದರು.

ಒಂದೇ ರಾಜ್ಯದೊಳಗೆ ಇಷ್ಟು ವ್ಯತ್ಯಾಸ ಏಕೆ ಬರುತ್ತದೆ? ಐದಾರು ದಿನ ಮೊದಲಿನ ನಕ್ಷೆಗಳಿಗೆ ಏನಾದರೂ ಬೆಲೆಯಿದೆಯೇ, ಅಥವಾ ಜನರನ್ನು ಸೆಳೆಯಲು ಬೇಕೆಂದೇ ದೊಡ್ಡ ಸಂಖ್ಯೆಗಳನ್ನು ಹರಿಯಬಿಡುತ್ತಾರೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಚಾರ್ಲ್ಸ್ ನದಿತೀರ (ಬಾಸ್ಟನ್)

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಮನೆಯ ವಿಳಾಸದಲ್ಲೇ ಇದೆ. ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ನಗರಗಳನ್ನು ಪೋಣಿಸುವ ಇಂಟರ್‌ಸ್ಟೇಟ್ 95 ಹೆದ್ದಾರಿಯ ಮಗ್ಗುಲಲ್ಲೇ ಎಡಿಸನ್ ಇದೆ, ಮತ್ತು ಹಿಮಕ್ಕೂ ಮಳೆಗೂ ನಡುವಿನ ಗಡಿರೇಖೆ ಎಷ್ಟೋ ಬಿರುಗಾಳಿಗಳಲ್ಲಿ ಬಂದು ನಿಲ್ಲುವುದು ಈ ಹೆದ್ದಾರಿಯ ಆಸುಪಾಸಿನಲ್ಲೇ. ಪೂರ್ವಕ್ಕೆ ಅಟ್ಲಾಂಟಿಕ್ ಸಾಗರವಿದೆ, ಚಳಿಗಾಲದ ಮೊದಲ ಭಾಗದಲ್ಲಿ ಅದು ನೆಲಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಪಶ್ಚಿಮಕ್ಕೆ ಅಪಲೇಚಿಯನ್ ಬೆಟ್ಟಸಾಲು ಇದೆ, ಕೆನಡಾದಿಂದ ಇಳಿದ ಶೀತಗಾಳಿ ಅದರ ತಪ್ಪಲಿನಲ್ಲಿ ಬೀಡುಬಿಡುತ್ತದೆ. ಕರಾವಳಿಗುಂಟ ಉತ್ತರಕ್ಕೆ ಸಾಗುವ ವಾಯುಭಾರ ಕುಸಿತವನ್ನು ಇಲ್ಲಿ ನಾರ್‌ಈಸ್ಟರ್ ಎನ್ನುತ್ತಾರೆ. ಅದರ ಕೇಂದ್ರ ತೀರಕ್ಕೆ ತೀರ ಹತ್ತಿರ ಸಾಗಿದರೆ ಕಡಲಿನ ಗಾಳಿ ಒಳನುಗ್ಗಿ ನಿಮಗೆ ಮಳೆಯಾಗುತ್ತದೆ, ತೀರ ದೂರ ಸರಿದರೆ ಹಿಮವೂ ಇಲ್ಲ, ಮಳೆಯೂ ಇಲ್ಲ. 40 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 70 ಡಿಗ್ರಿ ಪಶ್ಚಿಮ ರೇಖಾಂಶ ಕೂಡುವ ಬಿಂದುವನ್ನು ಹವಾಮಾನಾಸಕ್ತರು ಬೆಂಚ್‌ಮಾರ್ಕ್ ಎಂದು ಕರೆದು, ಕೇಂದ್ರವು ಅದರ ಆಸುಪಾಸಿನಲ್ಲಿ ಹಾದುಹೋಗಲಿ ಎಂದು ಹಾರೈಸುವುದು ಇದಕ್ಕಾಗಿಯೇ. ಸಾವಿರಾರು ಮೈಲಿ ಸಾಗಿಬರುವ ವ್ಯವಸ್ಥೆಯೊಂದು ಕೊನೆಯ ಹಂತದಲ್ಲಿ 50 ಮೈಲಿ ಆಚೀಚೆ ಆಗುವುದು ಮಾಡೆಲ್‌ನ ಲೆಕ್ಕದಲ್ಲಿ ಸಣ್ಣ ದೋಷ. ಗಡಿರೇಖೆಯ ಮೇಲೆ ಮನೆ ಮಾಡಿದವರಿಗೆ ಮಾತ್ರ ಅದೇ ಸರ್ವಸ್ವ.

ಇನ್ನೊಂದು ತೊಡಕಿದೆ. ನೆಲಮಟ್ಟದ ಉಷ್ಣಾಂಶ ಸೊನ್ನೆಗಿಂತ ಕೆಳಗಿದ್ದ ಮಾತ್ರಕ್ಕೆ ಹಿಮ ಬೀಳುವುದಿಲ್ಲ. ಒಂದರಿಂದ ಮೂರು ಕಿಲೋಮೀಟರ್ ಎತ್ತರದ ನಡುವೆ ಎಲ್ಲಾದರೂ ಸೊನ್ನೆಗಿಂತ ಮೇಲಿರುವ ಗಾಳಿಯ ಪದರವೊಂದು ತೂರಿಕೊಂಡರೆ ಹಿಮದ ಹಳಕುಗಳು ಅಲ್ಲಿ ಕರಗಿ, ಕೆಳಗಿನ ಶೀತ ಪದರದಲ್ಲಿ ಮತ್ತೆ ಹೆಪ್ಪುಗಟ್ಟಿ ಸ್ಲೀಟ್ ಆಗಿ ಬೀಳುತ್ತವೆ. ನೀವು ಕಂಡದ್ದು ಇದನ್ನೇ. ಹಿಮ ಕರಗುವಾಗ ಸುತ್ತಲಿನ ಗಾಳಿಯಿಂದ ಶಾಖ ಹೀರಿಕೊಳ್ಳುತ್ತದೆ. ಆದ್ದರಿಂದ ಜೋರಾಗಿ ಬೀಳುತ್ತಿದ್ದರೆ ಆ ಬೆಚ್ಚನೆಯ ಪದರವೇ ತಣಿದು ಹಿಮ ಮುಂದುವರಿಯಬಹುದು, ಸಣ್ಣಗೆ ಬೀಳುತ್ತಿದ್ದರೆ ಬೆಚ್ಚನೆಯ ಗಾಳಿಯೇ ಗೆಲ್ಲಬಹುದು. ಅಂದರೆ ಏನು ಬೀಳುತ್ತದೆ ಎಂಬುದನ್ನು ಸರಿಯಾಗಿ ಹೇಳಬೇಕಾದರೆ ಎಷ್ಟು ಜೋರಾಗಿ ಬೀಳುತ್ತದೆ ಎಂಬುದನ್ನೂ ಸರಿಯಾಗಿ ಹೇಳಿರಬೇಕಾಗುತ್ತದೆ, ಮತ್ತು ಹಿಮದ ಜೋರು ಪಟ್ಟಿಗಳು ಹಲವೊಮ್ಮೆ ಹತ್ತಿಪ್ಪತ್ತು ಮೈಲಿಗಿಂತ ಅಗಲವಿರುವುದಿಲ್ಲ.

ನಕ್ಷೆಯ ಮೇಲಿನ ಸಂಖ್ಯೆ ಹುಟ್ಟುವ ಬಗೆಯನ್ನೂ ತಿಳಿದಿರಬೇಕು. ಮಾಡೆಲ್ ಮೊದಲು ಲೆಕ್ಕ ಹಾಕುವುದು ನೀರಿನ ಪ್ರಮಾಣವನ್ನು. ಅನೇಕ ಜಾಲತಾಣಗಳು ಆ ನೀರನ್ನು ಹತ್ತರಿಂದ ಗುಣಿಸಿ ಹಿಮದ ಇಂಚುಗಳಾಗಿ ತೋರಿಸುತ್ತವೆ. ಒಂದು ಇಂಚು ನೀರಿಗೆ ಹತ್ತು ಇಂಚು ಹಿಮ ಎಂಬುದು ಸ್ಥೂಲ ಲೆಕ್ಕ ಮಾತ್ರ. ಒದ್ದೆ ಹಿಮವಾದರೆ ಐದಾರು ಇಂಚಿಗೇ ನಿಲ್ಲಬಹುದು, ಒಣಹವೆಯ ಹಗುರ ಹಿಮವಾದರೆ ಹದಿನೈದನ್ನೂ ದಾಟಬಹುದು. ಕೆಲವು ನಕ್ಷೆಗಳಂತೂ ಸ್ಲೀಟನ್ನೂ ಹಿಮದ ಖಾತೆಗೇ ಸೇರಿಸಿ ಗುಣಿಸುತ್ತವೆ. ನೀವು ನೋಡಿದ 18 ಇಂಚಿನಲ್ಲಿ ಒಂದು ಪಾಲು ಇಂಥದ್ದೇ ಆಗಿದ್ದರೆ ಆಶ್ಚರ್ಯವಿಲ್ಲ. ಈ ದೇಶದ ಹವಾಮಾನಾಸಕ್ತರೇ ಇವುಗಳಿಗೆ ಕ್ಲೌನ್ ಮ್ಯಾಪ್ (ವಿದೂಷಕ ನಕ್ಷೆ) ಎಂದು ಹೆಸರಿಟ್ಟು ನಗುತ್ತಾರೆ, ನಗುತ್ತಲೇ ಹಂಚಿಕೊಳ್ಳುತ್ತಾರೆ.

ಐದಾರು ದಿನ ಮೊದಲಿನ ನಕ್ಷೆಗೆ ಬೆಲೆಯಿದೆ, ಆದರೆ ಒಂಟಿ ನಕ್ಷೆಗೆ ಇಲ್ಲ. ಆರಂಭದ ಸ್ಥಿತಿಯನ್ನು ಸ್ವಲ್ಪ ಸ್ವಲ್ಪ ಬದಲಿಸಿ ಅದೇ ಮಾಡೆಲನ್ನು ಹಲವು ಬಾರಿ ಓಡಿಸುವುದನ್ನು ಎನ್‌ಸೆಂಬಲ್ ಎನ್ನುತ್ತಾರೆ. ಇಂಥ ಒಂದೊಂದು ಓಟವನ್ನೂ ಸದಸ್ಯ ಎನ್ನುತ್ತಾರೆ. ಅಮೆರಿಕದ ಜಿಎಫ್‌ಎಸ್ ಮಾಡೆಲ್‌ನ ಎನ್‌ಸೆಂಬಲ್‌ನಲ್ಲಿ 31, ಯುರೋಪಿಯನ್ ಕೇಂದ್ರದ ಎನ್‌ಸೆಂಬಲ್‌ನಲ್ಲಿ 51 ಸದಸ್ಯರಿರುತ್ತಾರೆ. ಅವುಗಳಲ್ಲಿ ಹತ್ತು ಸದಸ್ಯರು ಒಂದೂವರೆ ಅಡಿ, ಇಪ್ಪತ್ತು ಸದಸ್ಯರು ಎರಡು ಇಂಚು, ಉಳಿದವರು ಮಳೆ ಎಂದು ತೋರಿಸಿದರೆ ಅಲ್ಲಿ ಬಿರುಗಾಳಿ ಬರುವ ಸೂಚನೆಯಿದೆ, ಹಿಮದ ಭರವಸೆಯಿಲ್ಲ. ದಿನ ಬಿಟ್ಟು ದಿನ 18, 4, 12 ಎಂದು ಒಂದು ಓಟ ಕುಣಿಯುತ್ತಿದ್ದರೆ ಆ ಕುಣಿತವನ್ನೇ ಮಾಹಿತಿಯೆಂದು ಓದಬೇಕು.

ಇದು ಆಸಕ್ತರಿಗಷ್ಟೇ ಆಗುವ ನಿರಾಸೆಯಲ್ಲ. 2015ರ ಜನವರಿ 26 ಮತ್ತು 27ರ ಬಿರುಗಾಳಿಗೆ ನ್ಯೂಯಾರ್ಕ್ ನಗರದಲ್ಲಿ 20ರಿಂದ 30 ಇಂಚು ಹಿಮ ಬೀಳುವುದೆಂದು ರಾಷ್ಟ್ರೀಯ ಹವಾಮಾನ ಸೇವೆ ಹೇಳಿತ್ತು. ನಗರದ ಸುರಂಗ ರೈಲಾದ ಸಬ್‌ವೇಯನ್ನು ಅದರ ಇತಿಹಾಸದಲ್ಲೇ ಮೊದಲ ಬಾರಿಗೆ ಹಿಮದ ಕಾರಣಕ್ಕೆ ನಿಲ್ಲಿಸಲಾಯಿತು. ನಗರದ ಹಿಮವನ್ನು ಅಳೆಯುವ ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 9.8 ಇಂಚು. ಲಾಂಗ್ ಐಲೆಂಡ್‌ನ ಇಸ್ಲಿಪ್‌ನಲ್ಲಿ ಎರಡು ಅಡಿ, ನಮ್ಮ ಬಾಸ್ಟನ್ನಿನಲ್ಲಿಯೂ ಎರಡು ಅಡಿ ಬಿತ್ತು, ಅಂದರೆ ಬಿರುಗಾಳಿ ಬಂದೇ ಬಂದಿತ್ತು, ಕೇವಲ ಪೂರ್ವಕ್ಕೆ ಸರಿದಿತ್ತು. 2012ರ ಸ್ಯಾಂಡಿ ಚಂಡಮಾರುತದ ದಾರಿಯನ್ನು ಎಲ್ಲರಿಗಿಂತ ಮೊದಲು ಹೇಳಿದ ಕೀರ್ತಿ ಯುರೋಪಿಯನ್ ಮಾಡೆಲ್‌ಗೆ ಇದ್ದುದರಿಂದ, ಅದು ನ್ಯೂಯಾರ್ಕಿಗೆ ಭಾರಿ ಹಿಮ ತೋರಿಸಿದಾಗ ಕಡಿಮೆ ತೋರಿಸುತ್ತಿದ್ದ ಅಮೆರಿಕದ ಮಾಡೆಲ್‌ಗೆ ತಕ್ಕ ತೂಕ ಸಿಗಲಿಲ್ಲ. ನಿಮ್ಮ ಮಿಡ್ಲ್‌ಸೆಕ್ಸ್ ಕೌಂಟಿಗೆ ಮುನ್ಸೂಚನೆ ಕೊಡುವ ಮೌಂಟ್ ಹಾಲಿ ಕಚೇರಿಯ ಅಂದಿನ ಮುಖ್ಯಸ್ಥ ಗ್ಯಾರಿ ಸಟ್ಕೌಸ್ಕಿ ಅವರು ಟ್ವಿಟರ್‌ನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಆ ಬಳಿಕದ ವರ್ಷಗಳಲ್ಲಿ ಹವಾಮಾನ ಸೇವೆಯ ಕಚೇರಿಗಳು ಒಂದು ಸಂಖ್ಯೆಯ ಬದಲು ಮೂರು ನಕ್ಷೆಗಳನ್ನು ಕೊಡುವ ರೂಢಿ ಬೆಳೆದಿದೆ: ನಿರೀಕ್ಷಿತ ಪ್ರಮಾಣ, ಮೀರುವ ಸಂಭವ ಹತ್ತರಲ್ಲಿ ಒಂಬತ್ತು ಪಾಲು ಇರುವ ಕನಿಷ್ಠ, ಮೀರುವ ಸಂಭವ ಹತ್ತರಲ್ಲಿ ಒಂದು ಪಾಲು ಮಾತ್ರ ಇರುವ ಗರಿಷ್ಠ. ಮುಂದಿನ ಬಾರಿ ಮೊದಲು ಕನಿಷ್ಠದ ನಕ್ಷೆಯನ್ನು ತೆರೆಯಿರಿ. ಅದರಲ್ಲಿ ಎಡಿಸನ್ ಮೇಲೆ ಸೊನ್ನೆಯಿದ್ದರೆ ತಂದೆಯವರಿಗೆ ಏನೂ ಹೇಳಬೇಡಿ.

ಹಡ್ಸನ್ ದಂಡೆ (ಜೆರ್ಸಿ ಸಿಟಿ)

ಮೇಲಿನವರ ವಿವರಣೆ ಒಪ್ಪತಕ್ಕದ್ದೇ. ಆದರೆ ಎಲ್ಲ ತಪ್ಪನ್ನೂ ನಕ್ಷೆ ನೋಡುವವರ ತಲೆಗೆ ಕಟ್ಟುವುದಕ್ಕೆ ನನ್ನ ಆಕ್ಷೇಪವಿದೆ. ಅನಿಶ್ಚಿತತೆ ಗೊತ್ತಿದ್ದೂ ಹೇಳದಿದ್ದ ಉದಾಹರಣೆ ನಮ್ಮ ಪ್ರದೇಶದಲ್ಲೇ ಇದೆ.

2017ರ ಮಾರ್ಚ್ 14ರ ಬಿರುಗಾಳಿಯನ್ನು ನೆನಪಿಸಿಕೊಳ್ಳಿ. ನ್ಯೂಯಾರ್ಕ್ ನಗರಕ್ಕೆ ಒಂದೂವರೆ ಅಡಿಯ ಆಸುಪಾಸಿನ ಹಿಮ, ಜೊತೆಗೆ ಬ್ಲಿಝಾರ್ಡ್ (ಜೋರು ಗಾಳಿಯೊಡನೆ ದಾರಿ ಕಾಣದಂತೆ ಬೀಸುವ ಹಿಮ) ಎಚ್ಚರಿಕೆ ಇತ್ತು. ಹಿಂದಿನ ದಿನ ಮಧ್ಯಾಹ್ನದ ಹೊತ್ತಿಗೆ ಸ್ಲೀಟ್ ಸೇರಿಕೊಂಡು ಮೊತ್ತ ಇಳಿಯುವ ಸಾಧ್ಯತೆ ಮಾಡೆಲ್‌ಗಳಲ್ಲಿ ಹೆಚ್ಚುತ್ತ ಹೋಯಿತು. ಕೊನೆಗಳಿಗೆಯಲ್ಲಿ ಸಂಖ್ಯೆ ಇಳಿಸಿದರೆ ಜನ ಬಿರುಗಾಳಿಯನ್ನೇ ಹಗುರವಾಗಿ ತೆಗೆದುಕೊಂಡಾರು ಎಂಬ ಅಂಜಿಕೆಯಿಂದ ಮುನ್ಸೂಚನೆಗಾರರು ಹಳೆಯ ದೊಡ್ಡ ಸಂಖ್ಯೆಯನ್ನೇ ಉಳಿಸಿಕೊಂಡರೆಂಬುದು ಬಳಿಕ ಪತ್ರಿಕೆಗಳಲ್ಲಿ ಬಂತು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 7.6 ಇಂಚು. ಅದೇ ಬಿರುಗಾಳಿ ನ್ಯೂಯಾರ್ಕ್ ರಾಜ್ಯದ ಒಳನಾಡಿನ ಬಿಂಗ್‌ಹ್ಯಾಮ್ಟನ್‌ನಲ್ಲಿ 30 ಇಂಚಿಗೂ ಹೆಚ್ಚು ಸುರಿಯಿತು. ಅವರ ಅಂಜಿಕೆಗೆ ಕಾರಣವಿರಲಿಲ್ಲವೆಂದು ನಾನು ಹೇಳುವುದಿಲ್ಲ, ಸ್ಲೀಟ್ ತುಂಬಿದ ರಸ್ತೆ ಹಿಮದ ರಸ್ತೆಗಿಂತ ಸುರಕ್ಷಿತವೇನಲ್ಲ. ಆದರೂ ಗೊತ್ತಿದ್ದ ಬದಲಾವಣೆಯನ್ನು ಮುಚ್ಚಿಟ್ಟರೆ ಮುಂದಿನ ಸಲ ಯಾರು ಕಿವಿಗೊಡುತ್ತಾರೆ?

ಬೇಕೆಂದೇ ದೊಡ್ಡ ಸಂಖ್ಯೆ ಹರಿಯಬಿಡುತ್ತಾರೆಯೇ ಎಂದು ಕೇಳಿದ್ದೀರಿ. ಹತ್ತು ನಕ್ಷೆಗಳಲ್ಲಿ ಒಂಬತ್ತು ಸಪ್ಪೆಯಾಗಿದ್ದರೆ ಹಂಚಿಕೆಯಾಗುವುದು ಹತ್ತನೆಯದೇ. ಅದಕ್ಕೆ ಸಂಚು ಬೇಕಾಗಿಲ್ಲ, ಹಿಮಕ್ಕಾಗಿ ಹಾತೊರೆಯುವ ನಮ್ಮ ಕಣ್ಣುಗಳೇ ಸಾಕು.

ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. 2016ರ ಜನವರಿ 23ರಂದು ನ್ಯೂಯಾರ್ಕಿನಲ್ಲಿ ಹಿಂದಿನ ದಿನ ಹೇಳಿದ್ದಕ್ಕಿಂತ ಬಹಳ ಹೆಚ್ಚು ಹಿಮ ಬಿತ್ತು. ಆ ದಿನದ ಕಥೆಯಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಅಳತೆಯ ವಿಚಾರ. ಸೆಂಟ್ರಲ್ ಪಾರ್ಕಿನ ಮೊತ್ತವನ್ನು ಮೊದಲು 26.8 ಇಂಚು ಎಂದು ಪ್ರಕಟಿಸಿದರು. ಅದು 2006ರ ಫೆಬ್ರವರಿಯ 26.9 ಇಂಚಿನ ದಾಖಲೆಗಿಂತ ಇಂಚಿನ ಹತ್ತನೆಯ ಒಂದು ಪಾಲು ಕಡಿಮೆ. ಹಿಮಾಭಿಮಾನಿಗಳ ಗೋಳು ಕೇಳುವಂತಿರಲಿಲ್ಲ. ತಿಂಗಳುಗಳ ನಂತರ ನಡೆದ ಪರಿಶೀಲನೆಯಲ್ಲಿ ಮಾಹಿತಿ ರವಾನೆಯಲ್ಲಾದ ಲೋಪ ಪತ್ತೆಯಾಗಿ ಅದು 27.5 ಇಂಚಿಗೆ ತಿದ್ದುಪಡಿಯಾಯಿತು, 1869ರಿಂದ ಇರುವ ದಾಖಲೆಯಲ್ಲೇ ಅತಿ ದೊಡ್ಡ ಹಿಮಪಾತವೆನಿಸಿತು. ಅದೇ ಪರಿಶೀಲನೆಯಲ್ಲಿ ನೆವಾರ್ಕ್ ವಿಮಾನ ನಿಲ್ದಾಣದ 28.1 ಇಂಚಿನ ಮೊತ್ತವನ್ನು ಅಳತೆಯ ಕ್ರಮ ಸರಿಯಿಲ್ಲವೆಂದು ಕೈಬಿಟ್ಟರು. ಬಿಳಿ ಹಲಗೆಯ ಮೇಲೆ ಬಿದ್ದ ಹಿಮವನ್ನು ಆರು ಗಂಟೆಗೊಮ್ಮೆಗಿಂತ ಹೆಚ್ಚು ಸಲ ಅಳೆದು ಒರೆಸಬಾರದೆಂಬುದು ನಿಯಮ. ಗಂಟೆಗೊಮ್ಮೆ ಒರೆಸಿದರೆ ಹಿಮ ತನ್ನದೇ ಭಾರಕ್ಕೆ ಕುಗ್ಗುವ ಮೊದಲೇ ಲೆಕ್ಕಕ್ಕೆ ಸೇರಿ ಮೊತ್ತ ಉಬ್ಬುತ್ತದೆ. ಆದ್ದರಿಂದ ಸಸೆಕ್ಸ್ ಕೌಂಟಿಯ ನಿಮ್ಮ ಸ್ನೇಹಿತರ ಮೊಣಕಾಲು ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ವಿಚಾರಿಸಿ.

ಕ್ವೀನ್ಸ್ ಹಿಮಪ್ರಿಯ

ಇಬ್ಬರೂ ಒಂದೊಂದು ಬಿರುಗಾಳಿಯ ಮಾತಾಡಿದ್ದಾರೆ. ನಿರಾಸೆಯ ಬೇರು ಅದಕ್ಕಿಂತ ಆಳದಲ್ಲಿ, ನಾವು ಸಹಜವೆಂದು ಭಾವಿಸುವ ಪ್ರಮಾಣದಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

1991ರಿಂದ 2020ರವರೆಗಿನ ಸರಾಸರಿಯಂತೆ ಸೆಂಟ್ರಲ್ ಪಾರ್ಕಿನಲ್ಲಿ ಒಂದು ಚಳಿಗಾಲಕ್ಕೆ 29.8 ಇಂಚು ಹಿಮ. ಇದನ್ನು ಕೇಳಿದವರು ಪ್ರತಿವರ್ಷ ಮೂವತ್ತು ಇಂಚಿನ ಸುಮಾರಿಗೆ ಬೀಳುತ್ತದೆ ಎಂದುಕೊಳ್ಳುತ್ತಾರೆ. 1995-96ರಲ್ಲಿ ಬಿದ್ದದ್ದು 75.6 ಇಂಚು, 2013-14ರಲ್ಲಿ 57.4, 2019-20ರಲ್ಲಿ 4.8, 2022-23ರಲ್ಲಿ ಕೇವಲ 2.3. ಕೊನೆಯದು ಇಡೀ ದಾಖಲೆಯಲ್ಲೇ ಕನಿಷ್ಠ, ಆ ಚಳಿಗಾಲದಲ್ಲಿ ಅಳೆಯುವಷ್ಟು ಮೊದಲ ಹಿಮ ಬಿದ್ದದ್ದು ಫೆಬ್ರವರಿ 1ರಂದು. ಕೆಲವೇ ದೊಡ್ಡ ಚಳಿಗಾಲಗಳು ಸರಾಸರಿಯನ್ನು ಮೇಲಕ್ಕೆಳೆದಿರುವುದರಿಂದ, ಸರಾಸರಿಯನ್ನು ಮುಟ್ಟದ ವರ್ಷಗಳೇ ಹೆಚ್ಚು. ಸರಾಸರಿಯನ್ನು ಹಕ್ಕೆಂದು ಎಣಿಸಿದವರು ಬಹುತೇಕ ವರ್ಷ ಸೋಲುತ್ತಾರೆ.

2022ರ ಫೆಬ್ರವರಿಯಿಂದ 2024ರ ಜನವರಿ 16ರವರೆಗೆ, ಸತತ 701 ದಿನ, ಈ ನಗರದಲ್ಲಿ ಒಂದೇ ಒಂದು ದಿನವೂ ಒಂದು ಇಂಚು ಹಿಮ ಬೀಳಲಿಲ್ಲ. ಆ ಅವಧಿಯಲ್ಲಿ ಎಂಟು ಹತ್ತು ದಿನ ಮುಂದಿನ ನಕ್ಷೆಗಳಲ್ಲಿ ಹಿಮ ಬಿದ್ದದ್ದೇನೂ ಕಡಿಮೆಯಲ್ಲ. ಅದು ಪ್ರತಿ ಬಾರಿಯೂ ಹತ್ತು ದಿನದಾಚೆಗೇ ಉಳಿದು, ಹತ್ತಿರ ಬಂದಂತೆ ಮಳೆಯಾಯಿತು. ಯಾರ ಬಾಯಲ್ಲಿ ಕೇಳಿದರೂ "ಮುಂದಿನ ವಾರದಿಂದ ಹವೆಯ ರೀತಿ ಬದಲಾಗುತ್ತದೆ" ಎಂಬ ಮಾತೇ. ಮದುವೆಯ ಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾದವರಂತೆ ನಾವೆಲ್ಲ ಆ ಎರಡು ಚಳಿಗಾಲ ಕಳೆದೆವು.

ಭೂಮಿ ಬಿಸಿಯಾಗುತ್ತಿರುವುದರ ಪಾಲೂ ಇದರಲ್ಲಿದೆ. ಗಡಿರೇಖೆಯ ಮೇಲಿರುವ ಊರಿನಲ್ಲಿ ಒಂದು ಡಿಗ್ರಿ ಹೆಚ್ಚಾದರೂ ಹಿಂದೆ ಹಿಮವಾಗುತ್ತಿದ್ದದ್ದು ಈಗ ಮಳೆಯಾಗುತ್ತದೆ. ಹಾಗೆಂದು ದೊಡ್ಡ ಹಿಮಪಾತಗಳು ಮುಗಿದೇ ಹೋದವೆಂದು ಯಾರೂ ತಿಳಿಯಬೇಕಿಲ್ಲ. ಉಷ್ಣಾಂಶ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು, ಸಾಕಷ್ಟು ಶೀತವೂ ಅದರೊಂದಿಗೆ ಕೂಡಿಬಂದ ದಿನ ಹಿಮ ಹಿಂದಿಗಿಂತ ಹೆಚ್ಚೇ ಸುರಿಯಬಹುದು. ಸೆಂಟ್ರಲ್ ಪಾರ್ಕಿನ ಎರಡು ಅತಿ ದೊಡ್ಡ ಹಿಮಪಾತಗಳು 2006 ಮತ್ತು 2016ರವು ಎಂಬುದನ್ನು ಗಮನಿಸಿ.

ನನ್ನ ರೂಢಿಯನ್ನು ಹೇಳುವುದಾದರೆ, ಐದು ದಿನದಾಚೆಗಿನ ಹಿಮದ ಮೊತ್ತದ ನಕ್ಷೆಯನ್ನು ನಾನು ತೆರೆಯುವುದೇ ಇಲ್ಲ. ಒತ್ತಡದ ನಕ್ಷೆ, ಮೇಲ್ಸ್ತರದ ಗಾಳಿಯ ನಕ್ಷೆ ನೋಡುತ್ತೇನೆ, ಕೆನಡಾದ ಕ್ವಿಬೆಕ್ ಭಾಗದಲ್ಲಿ ಅಧಿಕ ಒತ್ತಡ ನೆಲೆಯೂರಿದೆಯೇ ಎಂದು ನೋಡುತ್ತೇನೆ. ಅಲ್ಲಿಂದ ಶೀತಗಾಳಿಯ ಪೂರೈಕೆ ಇಲ್ಲದಿದ್ದರೆ ಕಡಲಿನ ಬಿರುಗಾಳಿ ಎಷ್ಟೇ ಬಲವಾಗಿದ್ದರೂ ನಮ್ಮ ಪಾಲಿಗೆ ಮಳೆಯೇ.

ಎಡಿಸನ್‌ವಾಸಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕನಿಷ್ಠದ ನಕ್ಷೆ ಇರುವುದೇ ನನಗೆ ತಿಳಿದಿರಲಿಲ್ಲ. ಕಳೆದ ಬಿರುಗಾಳಿಯ ಸಮಯದ ಅಧಿಕೃತ ಮುನ್ಸೂಚನೆಯನ್ನು ಈಗ ಹುಡುಕಿ ಓದಿದೆ. "ಬಹುಬೇಗ ಮಳೆಗೆ ತಿರುಗುವ ಸಂಭವ" ಎಂಬ ಅರ್ಥದ ಮಾತು ಅದರಲ್ಲಿ ಎರಡು ದಿನ ಮೊದಲೇ ಇತ್ತು.

ಇನ್ನೊಂದು ವಿಚಾರ. ಅಪ್ಪ ಅಮ್ಮನ ಮರುಪ್ರಯಾಣ ಮಾರ್ಚ್ ಮೊದಲ ವಾರದಲ್ಲಿದೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ಹಿಮ ಇಲ್ಲಿಗೆ ಬರದಿದ್ದರೆ ನಾವೇ ಹಿಮವಿದ್ದಲ್ಲಿಗೆ ಹೋಗುವುದು ಲೇಸಲ್ಲವೇ? ಸಿರಕ್ಯೂಸ್ ಕಡೆ ಖಚಿತವಾಗಿ ಸಿಗುತ್ತದೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ.

ಚಾರ್ಲ್ಸ್ ನದಿತೀರ (ಬಾಸ್ಟನ್)

ಸಹೋದ್ಯೋಗಿಯವರು ಹೇಳಿದ್ದು ಸುಳ್ಳಲ್ಲ. ಹೆಪ್ಪುಗಟ್ಟದ ಒಂಟಾರಿಯೊ ಸರೋವರದ ಮೇಲೆ ಕೊರೆಯುವ ಗಾಳಿ ಹಾದುಬಂದಾಗ ಅದು ನೀರಾವಿಯನ್ನು ಹೀರಿ ದಡದಲ್ಲಿ ಹಿಮವಾಗಿ ಸುರಿಸುತ್ತದೆ. ಸಿರಕ್ಯೂಸ್‌ನ ವಾರ್ಷಿಕ ಸರಾಸರಿ 120 ಇಂಚಿನ ಮೇಲಿದೆ, ಅದರ ಉತ್ತರದ ಟಗ್ ಹಿಲ್ ಪ್ರಸ್ಥಭೂಮಿಯಲ್ಲಿ ಕೆಲವೆಡೆ 200 ಇಂಚನ್ನೂ ಮೀರುತ್ತದೆ. ಆದರೆ ವಯಸ್ಸಾದವರನ್ನು ಕೂರಿಸಿಕೊಂಡು ಸರೋವರ ಹಿಮದ ಬೆನ್ನಟ್ಟಬೇಡಿ. ಆ ಹಿಮ ಕಿರಿದಾದ ಪಟ್ಟಿಗಳಲ್ಲಿ ಬೀಳುತ್ತದೆ, ಬಿಸಿಲಿನಲ್ಲಿ ಹೊರಟ ಕಾರು ಕೆಲವೇ ನಿಮಿಷಗಳಲ್ಲಿ ಎದುರಿನ ದಾರಿ ಕಾಣದ ಸ್ಥಿತಿಗೆ ಸಿಲುಕಬಹುದು. 2022ರ ಡಿಸೆಂಬರ್‌ನಲ್ಲಿ ಈರಿ ಸರೋವರದ ದಡದ ಬಫಲೋ ಪ್ರದೇಶದಲ್ಲಿ ಬ್ಲಿಝಾರ್ಡ್‌ಗೆ 40ಕ್ಕೂ ಹೆಚ್ಚು ಜನ ಬಲಿಯಾದರು, ಅವರಲ್ಲಿ ಕೆಲವರು ಕಾರಿನೊಳಗೇ ಸಿಕ್ಕಿಬಿದ್ದವರು.

ಹಡ್ಸನ್ ದಂಡೆ (ಜೆರ್ಸಿ ಸಿಟಿ)

ಪೆನ್ಸಿಲ್ವೇನಿಯಾದ ಪೋಕೊನೋ ಬೆಟ್ಟಗಳು ನಿಮಗೆ ಒಂದೂವರೆ, ಎರಡು ಗಂಟೆಯ ದಾರಿ. ಎತ್ತರ ಸುಮಾರು 2,000 ಅಡಿ ಇರುವುದರಿಂದ ಎಡಿಸನ್‌ಗಿಂತ ಮೂರು ನಾಲ್ಕು ಡಿಗ್ರಿ ಸೆಲ್ಸಿಯಸ್ ತಂಪು, ನಿಮಗೆ ಮಳೆಯಾದ ಎಷ್ಟೋ ಬಿರುಗಾಳಿಗಳು ಅಲ್ಲಿ ಹಿಮವಾಗಿಯೇ ಮುಗಿಯುತ್ತವೆ. ಸ್ಕೀ ಕೇಂದ್ರಗಳು ಯಂತ್ರದಿಂದ ಹಿಮ ಮಾಡುವುದರಿಂದ ಆಕಾಶ ಕೈಕೊಟ್ಟರೂ ನೆಲದ ಮೇಲೆ ನಡೆದಾಡಲು ಹಿಮ ಇದ್ದೇ ಇರುತ್ತದೆ. ಬೀಳುವುದನ್ನೇ ನೋಡಬೇಕೆಂದರೆ ಬಿರುಗಾಳಿಯ ಹಿಂದಿನ ದಿನವೇ ಹೋಗಿ ಕೋಣೆ ಹಿಡಿದು ಉಳಿಯುವುದು ಸರಿ, ಬೀಳುತ್ತಿರುವಾಗ ಕಾರು ಹೊರಡಿಸಬೇಡಿ.

ಅಷ್ಟರಲ್ಲಿ ಎಡಿಸನ್ನಿನ ಆಸೆಯನ್ನೂ ಬಿಡಬೇಕಾಗಿಲ್ಲ. ಸೆಂಟ್ರಲ್ ಪಾರ್ಕಿನ ಸರಾಸರಿಯಲ್ಲಿ ಡಿಸೆಂಬರ್‌ಗೆ 4.9, ಜನವರಿಗೆ 8.8, ಫೆಬ್ರವರಿಗೆ 10.1 ಇಂಚು. ನಿಮ್ಮವರು ಫೆಬ್ರವರಿಯನ್ನು ಪೂರ್ತಿ ಇಲ್ಲಿಯೇ ಕಳೆಯುತ್ತಾರಲ್ಲ. ರದ್ದುಮಾಡಲು ಬರುವಂಥ ಕೋಣೆಯನ್ನು ಈಗಲೇ ಕಾದಿರಿಸಿ, ಹೊರಡುವ ಬೆಳಗ್ಗೆ ಪೆನ್ಸಿಲ್ವೇನಿಯಾದ ರಸ್ತೆ ಮಾಹಿತಿಯ 511ಪಿಎ ತಾಣದಲ್ಲಿ ಇಂಟರ್‌ಸ್ಟೇಟ್ 80ರ ರಸ್ತೆ ಕ್ಯಾಮೆರಾಗಳನ್ನು ನೋಡಿಕೊಳ್ಳಿ. ತಂದೆಯವರಿಗೆ ಉಣ್ಣೆಯ ಕಾಲುಚೀಲಕ್ಕಿಂತ ಮೊದಲು ಜಾರದ ಅಟ್ಟೆಯ ಬೂಟು ಕೊಡಿಸಿ.